ಹದಿಹರೆಯದ ಪಾಠಕ್ಕೆ ಅಂಕ ಕೊಟ್ಟ ಮೇಲೆ

ಎಂಟನೆಯ ತರಗತಿಯ ಹದಿಹರೆಯದ ಪಾಠವೂ ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಪಾಠವೂ ನಾನು ಕಂಡ ಅನೇಕ ಶಾಲೆಗಳಲ್ಲಿ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಸುರಪುರ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಅವು ಈಗ ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ವರ್ಷದ ನಡುವೆ ನಡೆಯುವ ಅಂಕದ ಪರೀಕ್ಷೆಗಳಿಗೆ, ಸೇರಿವೆ. ಹುಡುಗರೂ ಹುಡುಗಿಯರೂ ಒಂದೇ ಕೋಣೆಯಲ್ಲಿ ಕುಳಿತು, ಬೆಳಕಿನ ಪಾಠಕ್ಕೆ ಉತ್ತರ ಬರೆದಷ್ಟೇ ಸಹಜವಾಗಿ ಇವಕ್ಕೂ ಬರೆಯುತ್ತಾರೆ. ‘ನಮ್ಮ ಕಡಿ ಇದು ನಡಿಯಂಗಿಲ್ರೀ ಸರ, ಊರವರು ಬಂದು ಗೇಟಿಗೆ ಕೀಲಿ ಹಾಕ್ತಾರ’ ಎಂದಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ಹೋದ ವರ್ಷ ನನ್ನ ಪ್ರಶ್ನೆಪತ್ರಿಕೆಯನ್ನು ಕೇಳಿ ಪಡೆದುಕೊಂಡರು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಅವರ ಅಂಜಿಕೆ ಸುಳ್ಳಾಗಿರಲಿಲ್ಲ. ಕೇಂದ್ರ ಸರ್ಕಾರವು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋ ಜೊತೆಗೂಡಿ 2005ರಲ್ಲಿ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆಹಿಡಿದ ರಾಜ್ಯಗಳಲ್ಲಿ ನಮ್ಮದೂ ಒಂದು, ಮತ್ತು ಆ ಗಲಾಟೆಯನ್ನು ಹಳಬರು ಮರೆತಿಲ್ಲ. 2020ರಲ್ಲಿ ಆಯುಷ್ಮಾನ್ ಭಾರತದಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂದು, ಶಾಲೆಗೆ ಇಬ್ಬರು ಶಿಕ್ಷಕರು, ಅವರು ಕಲಿಸಬೇಕಾದ 11 ವಿಷಯಗಳು ಎಂದು ನಿಗದಿಯಾಯಿತು. ಆದರೆ ಯಾವ ತರಗತಿಯ ಮಗುವಿಗೆ ವರ್ಷದ ಕೊನೆಗೆ ಏನೇನು ತಿಳಿದಿರಬೇಕು ಎಂಬುದನ್ನು ನಮ್ಮ ಶಾಲೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ಬರೆದಿಡುವ ಮುಂಚೆ ಹಾಳಾದ ಹಣದ ಲೆಕ್ಕವನ್ನು ಹೇಳಿಬಿಡುತ್ತೇನೆ. ಕಲಬುರಗಿಯಿಂದ ವೈದ್ಯರೊಬ್ಬರನ್ನು ಕರೆಸಿದ್ದಕ್ಕೆ ಕಾರಿನ ಬಾಡಿಗೆ, ಪ್ರೊಜೆಕ್ಟರ್, ಶಾಲು, ಊಟ ಎಲ್ಲ ಸೇರಿ ಸುಮಾರು 4,500 ರೂಪಾಯಿ ಹೋಯಿತು. ಅರ್ಧ ಇಂಗ್ಲಿಷಿನಲ್ಲಿ ನಡೆದ ಆ ಉಪನ್ಯಾಸದುದ್ದಕ್ಕೂ ಮಕ್ಕಳು ತಲೆ ಎತ್ತಲಿಲ್ಲ. ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ ಎಂದು ತರಗತಿಯನ್ನು ಒಡೆದಾಗ ಹುಡುಗರು ನೆಟ್ಟಗೆ ಕಬಡ್ಡಿ ಅಂಗಳಕ್ಕೆ ನಡೆದರು. ದಾನಿಯೊಬ್ಬರು ಕೊಡಿಸಿದ, 18,000ದ ಆಸುಪಾಸಿನ ಪ್ಯಾಡ್ ಸುಡುವ ಯಂತ್ರವು ನಮ್ಮೂರಿನ ವಿದ್ಯುತ್ತಿನ ಏರಿಳಿತಕ್ಕೆ ಒಂದು ಮಳೆಗಾಲವನ್ನೂ ದಾಟಲಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಾಗಿರುವ ಗೌಂಡಿಯೊಬ್ಬರು 3,000ದೊಳಗೆ ಕಟ್ಟಿಕೊಟ್ಟ ಇಟ್ಟಿಗೆಯ ಗುಂಡಿ ಇಂದಿಗೂ ಕೆಲಸಕ್ಕೆ ಬರುತ್ತಿದೆ. ಬೀಗ ಹಾಕಿದ ಪ್ರಶ್ನೆಪೆಟ್ಟಿಗೆಯಲ್ಲಿ ಸಿನಿಮಾ ಹಾಡಿನ ಸಾಲುಗಳೂ ಬೈಗುಳಗಳೂ ಬಿಟ್ಟರೆ ಬೇರೇನೂ ಬೀಳಲಿಲ್ಲ.

ಪೆಟ್ಟಿಗೆಯನ್ನು ಮಾತ್ರ ನಾನು ಕೈಬಿಡಲಿಲ್ಲ. ಎಲ್ಲರಿಗೂ ಒಂದೇ ಅಳತೆಯ ಚೀಟಿ ಮತ್ತು ಪೆನ್ಸಿಲು ಕೊಟ್ಟು, ಪ್ರಶ್ನೆ ಇದ್ದವರು ಪ್ರಶ್ನೆಯನ್ನೂ ಇಲ್ಲದವರು ಪಠ್ಯಪುಸ್ತಕದ ಯಾವುದಾದರೂ ಎರಡು ಸಾಲುಗಳನ್ನೂ ಏಕಕಾಲಕ್ಕೆ ಬರೆಯಬೇಕೆಂದು ಕಡ್ಡಾಯ ಮಾಡಿದಾಗ, ಕೇಳಿದವರು ಯಾರೆಂಬುದು ಪಕ್ಕದಲ್ಲಿ ಕುಳಿತವರಿಗೂ ತಿಳಿಯದಂತಾಯಿತು. ಆಮೇಲೆ ನಿಜವಾದ ಪ್ರಶ್ನೆಗಳು ಬಂದವು: ಮುಟ್ಟಾದಾಗ ಪರೀಕ್ಷೆ ಬರೆದರೆ ಫೇಲಾಗುತ್ತಾರೆಯೇ, ಹತ್ತನೆಯ ತರಗತಿಗೆ ಬಂದರೂ ಮೀಸೆ ಬರದಿದ್ದರೆ ಅದು ರೋಗವೇ, ಎಚ್‌ಐವಿ ಇರುವವರ ತಟ್ಟೆಯಲ್ಲಿ ಉಂಡರೆ ಅಂಟುತ್ತದೆಯೇ. ಹಿಂದಿನ ಬೆಂಚಿನ ಕಿಸಿಕಿಸಿಯನ್ನು ನಿಲ್ಲಿಸಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹುಡುಗರು ಮೊಬೈಲಿನಲ್ಲಿ ಎಲ್ಲವನ್ನೂ ಓದುತ್ತಾರೆ.

ಈ ಚೀಟಿಗಳನ್ನು ಮುಂದಿಟ್ಟುಕೊಂಡು ತರಗತಿಗೊಂದು ಪುಟದ ಪಟ್ಟಿ ಮಾಡಿದೆ. ಎಂಟನೆಯ ತರಗತಿಯ ಪುಟದಲ್ಲಿ ದೇಹದ ಬದಲಾವಣೆ, ಋತುಚಕ್ರ, ಶುಚಿತ್ವ, ರಕ್ತಹೀನತೆ. ಒಂಬತ್ತನೆಯದರಲ್ಲಿ ಮುಟ್ಟಬಾರದಂತೆ ಮುಟ್ಟುವವರನ್ನು ತಡೆಯುವುದು ಹೇಗೆ, ಯಾರಿಗೆ ಹೇಳಬೇಕು, ಕಾನೂನು ಏನನ್ನುತ್ತದೆ. ಹತ್ತನೆಯದರಲ್ಲಿ ಪಠ್ಯದಲ್ಲೇ ಇರುವ ಗರ್ಭನಿರೋಧಕ ವಿಧಾನಗಳು ಮತ್ತು ಲೈಂಗಿಕವಾಗಿ ಹರಡುವ ರೋಗಗಳು. ಪಟ್ಟಿಯ ಪ್ರತಿ ಸಾಲಿಗೂ ಒಂದು ಪ್ರಶ್ನೆ, ಪ್ರತಿ ಪ್ರಶ್ನೆಗೂ ಅಂಕ. ಅಂಕ ಎಂದ ಕೂಡಲೇ ಮಕ್ಕಳ ನಾಚಿಕೆ ಅರ್ಧ ಕಡಿಮೆಯಾಯಿತು, ಪಾಲಕರ ಅನುಮಾನವೂ ತಗ್ಗಿತು. ಎಸ್ಸೆಸ್ಸೆಲ್ಸಿಯಲ್ಲಿ ಕೇಳುವ ಪಾಠವನ್ನು ಬಿಟ್ಟುಬಿಡಿ ಎಂದು ಬಾಯಿಬಿಟ್ಟು ಹೇಳುವ ತಂದೆಯನ್ನು ನಾನಿನ್ನೂ ಕಂಡಿಲ್ಲ. ಮೊದಲ ಸಲ 10ಕ್ಕೆ ಸರಾಸರಿ ನಾಲ್ಕರಷ್ಟು ಬಂದಿದ್ದ ಅಂಕ ಈಗ ಏಳು ಎಂಟರ ನಡುವೆ ಇದೆ. ಋತುಚಕ್ರದ ಪ್ರಶ್ನೆಯಲ್ಲಿ ಕೆಲವು ವರ್ಷ ಹುಡುಗರೇ ಮುಂದಿರುತ್ತಾರೆ.

ಊರಿನ ಒಪ್ಪಿಗೆ ಸಿಕ್ಕಿದ್ದು ತಾಯಂದಿರ ಸಭೆಯಲ್ಲಿ. ಸಭೆಯನ್ನು ಮುಟ್ಟಿನಿಂದಾಗಲಿ ಕಾನೂನಿನಿಂದಾಗಲಿ ಆರಂಭಿಸದೆ ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವ ವರ್ಣತಂತುಗಳಿಂದ ಆರಂಭಿಸಿದೆ. ಎರಡು ಬಟ್ಟೆಯ ಚೀಲಗಳನ್ನು ತೆಗೆದುಕೊಂಡು, ತಾಯಿಯದೆಂದ ಚೀಲದಲ್ಲಿ ಬರೀ ತೊಗರಿ ಕಾಳನ್ನೂ, ತಂದೆಯದೆಂದ ಚೀಲದಲ್ಲಿ ತೊಗರಿ ಮತ್ತು ಜೋಳವನ್ನು ಸಮಸಮವಾಗಿಯೂ ಹಾಕಿ, ಒಬ್ಬೊಬ್ಬರೂ ಕಣ್ಣು ಮುಚ್ಚಿ ಎರಡರಿಂದಲೂ ಒಂದೊಂದು ಕಾಳು ತೆಗೆಯುವಂತೆ ಹೇಳಿದೆ. ಎರಡೂ ತೊಗರಿಯಾದರೆ ಹೆಣ್ಣು, ಜೊತೆಗೆ ಜೋಳ ಬಂದರೆ ಗಂಡು. ನಲವತ್ತರಷ್ಟು ಜನ ತೆಗೆದಾಗ ಹೆಚ್ಚು ಕಡಿಮೆ ಅರ್ಧರ್ಧ ಬಂತು. ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು, ‘ಮೂರು ಹೆಣ್ಣು ಹಡದಿ ಅಂತ ನಮ್ಮತ್ತಿ ಸಾಯೂತನಕ ನನಗ ಬೈದ್ಲಲ್ರೀ ಸರ, ಜ್ವಾಳ ಇದ್ದದ್ದು ಆಕಿ ಮಗನ ಚೀಲದಾಗ!’ ಎಂದಾಗ ಸಭೆಯೆಲ್ಲ ನಕ್ಕಿತು, ಒಂದಿಬ್ಬರು ಕಣ್ಣೊರೆಸಿಕೊಂಡರು. ಅಂದಿನಿಂದ ಪಾಠದ ವಿಷಯದಲ್ಲಿ ಯಾರಾದರೂ ತಕರಾರು ತೆಗೆದರೆ ಉತ್ತರ ಕೊಡುವವರು ಆ ತಾಯಂದಿರೇ. ಈ ಪ್ರಯೋಗಕ್ಕೆ ನನಗೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ನಡುವೆ ಇನ್ನೊಂದು ಸಣ್ಣ ಪ್ರಯೋಗವನ್ನೂ ನಡೆಸಿದೆ. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಹುಡುಗಿಯರು ವಾಂತಿಯ ಭಯದಿಂದ ಕಿಟಕಿಯಾಚೆ ಎಸೆಯುತ್ತಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುವುದನ್ನು ನಿಲ್ಲಿಸಿ, ಬಿಸಿಯೂಟದ ಬೆನ್ನಿಗೇ, ಋತುಸ್ರಾವಕ್ಕೂ ರಕ್ತಹೀನತೆಗೂ ಇರುವ ನಂಟನ್ನು ವಿವರಿಸಿದ ವಾರದಿಂದಲೇ ಕೊಡತೊಡಗಿದ ಮೇಲೆ ಎಸೆಯುವುದು ಬಹುಪಾಲು ನಿಂತಿತು.

ಒಂಬತ್ತನೆಯ ತರಗತಿಯ ಪುಟ ಎಲ್ಲಕ್ಕಿಂತ ಕಠಿಣವಾದುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಯಾರ ಗಮನಕ್ಕೆ ಬಂದರೂ ಅವರು ಅದನ್ನು ವರದಿ ಮಾಡಲೇಬೇಕು, ಶಿಕ್ಷಕರಿಗೂ ಇದರಿಂದ ವಿನಾಯಿತಿಯಿಲ್ಲ. ಆದ್ದರಿಂದ ಪಾಠದ ಮೊದಲ ದಿನವೇ ‘ಇಂಥ ಸಂಗತಿಯನ್ನು ನನಗೆ ಹೇಳಿದರೆ ನಾನು ಗುಟ್ಟಾಗಿ ಇಟ್ಟುಕೊಳ್ಳಲಾರೆ, ಆದರೆ ನಿನ್ನ ಜೊತೆಗೆ ನಿಲ್ಲುತ್ತೇನೆ’ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಹೀಗೆ ಹೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನಮ್ಮ ಕನ್ನಡ ಕಲಿಸುವ ಅಕ್ಕೋರು ವಾದಿಸಿದ್ದರು. ಹಾಗಾಗಲಿಲ್ಲ, ಮತ್ತು ಹುಡುಗಿಯರು ಮೊದಲು ಹೋಗುವುದು ಅವರ ಬಳಿಗೇ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಸುತ್ತೇನೆ. 18 ತುಂಬದವರ ಒಪ್ಪಿಗೆಯನ್ನು ಕಾನೂನು ಒಪ್ಪಿಗೆಯೆಂದು ಎಣಿಸುವುದಿಲ್ಲ ಎಂಬುದನ್ನು ಹುಡುಗರಿಗೆ ಎರಡು ಸಲ ಹೇಳುತ್ತೇನೆ, ಏಕೆಂದರೆ ಅದನ್ನು ತಿಳಿಯದೆ ಓಡಿಹೋಗಿ ಮೊಕದ್ದಮೆಗೆ ಸಿಕ್ಕಿಬೀಳುವವರು ಅವರೇ.

ಬಾಲ್ಯವಿವಾಹದ ಭಾಗವನ್ನು ಫೆಬ್ರುವರಿಯಲ್ಲಿ ಮುಗಿಸಿಬಿಡಬೇಕು. ಬಸವ ಜಯಂತಿಯ ದಿನವೇ ಅಕ್ಷಯ ತೃತೀಯವೂ ಬರುವುದರಿಂದ ಸಾಮೂಹಿಕ ವಿವಾಹಗಳು ಆಗಲೇ ನಡೆಯುತ್ತವೆ, ಆ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ. ನಮ್ಮ ರಾಜ್ಯದ ತಿದ್ದುಪಡಿಯಂತೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು ಎಂದು ತಿಳಿದ ಹುಡುಗಿಯೊಬ್ಬಳು ತನ್ನ ಅಕ್ಕನ ಮದುವೆಯನ್ನು ಒಂದು ಫೋನ್ ಕರೆಯಿಂದ ಮುಂದೂಡಿಸಿದಳು. ಅಕ್ಕ ಈಗ ಪಿಯುಸಿ ಓದುತ್ತಿದ್ದಾಳೆ.

2018ರ ಯುನೆಸ್ಕೊ ಮಾರ್ಗಸೂಚಿಯು ಪ್ರಾಯದ ಬದಲಾವಣೆಗಳನ್ನು 9ರಿಂದ 12 ವರ್ಷದವರಿಗೇ ತಿಳಿಸಬೇಕೆನ್ನುತ್ತದೆ. ನಮ್ಮಲ್ಲಿ ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಅನೇಕ ಹುಡುಗಿಯರು ಮೈನೆರೆದಿರುತ್ತಾರೆ. ಆದ್ದರಿಂದ ಈ ವರ್ಷ ಎಂಟನೆಯದರ ಪುಟವನ್ನು ಆರು ಸಾಲಿಗೆ ಇಳಿಸಿ ಪಕ್ಕದ ಪ್ರಾಥಮಿಕ ಶಾಲೆಯ ಆರು, ಏಳನೆಯ ತರಗತಿಗಳಿಗೆ ಕೊಟ್ಟಿದ್ದೇನೆ. ಜೆರಾಕ್ಸಿಗೆ 200 ರೂಪಾಯಿಯಷ್ಟು ಆಯಿತು. ಕಿರುಪರೀಕ್ಷೆಯನ್ನು ದಸರಾ ರಜೆಯ ನಂತರ ಇಡೋಣ ಎಂದು ಅಲ್ಲಿಯ ಮುಖ್ಯಗುರುಗಳು ಕೇಳಿದ್ದಾರೆ. ಆಗ ಹತ್ತಿ ಬಿಡಿಸುವ ಕೆಲಸ ಶುರುವಾಗಿ ಹೆಣ್ಣುಮಕ್ಕಳ ಹಾಜರಾತಿ ಕುಸಿಯುತ್ತದೆ, ಹಾಗಾಗಿ ಸೆಪ್ಟೆಂಬರಿನಲ್ಲೇ ಮುಗಿಸಬೇಕೆಂದು ನಾನು ಪಟ್ಟುಹಿಡಿದಿದ್ದೇನೆ.