ಡಯಾಗ್ನೋಸ್ಟಿಕ್ ಸೆಂಟರ್‌ನಲ್ಲಿ ಡಾಕ್ಟರ್ ಆಗಿರುವ ನೆಂಟರ ಜೊತೆ ಇದ್ದು ಕೆಲಸ ನೋಡುವುದು ಹೇಗೆ

ಮೆಡಿಕಲ್ ಓದುವ ಆಸೆ ನಿಮಗಿದ್ದು, ನೆಂಟರಲ್ಲಿ ಯಾರಾದರೂ ಪೆಥಾಲಜಿಸ್ಟೋ (ರಕ್ತದಂಥ ಸ್ಯಾಂಪಲ್ ಪರೀಕ್ಷಿಸುವ ಡಾಕ್ಟರ್) ರೇಡಿಯಾಲಜಿಸ್ಟೋ (ಎಕ್ಸ್‌ರೇ, ಸ್ಕ್ಯಾನ್ ನೋಡುವ ಡಾಕ್ಟರ್) ಆಗಿದ್ದರೆ ಆ ಅವಕಾಶ ಬಿಡಬೇಡಿ. ಆದರೆ ಸುಮ್ನೆ "ಚಿಕ್ಕಮ್ಮ, ನಾಳೆ ಬರಲಾ?" ಅಂದರೆ ಸಾಲದು. ಸೆಂಟರ್ ಅವರದ್ದೇ ಆಗಿದ್ದರೂ ಅಲ್ಲಿನ ಟೆಕ್ನಿಷಿಯನ್‌ಗಳಿಗೆ ನೀವು ಬರುವುದು ಗೊತ್ತಿರಬೇಕು. ಬೇರೆಯವರದ್ದಾದರೆ ಅವರ ಒಪ್ಪಿಗೆ ಬೇಕೇ ಬೇಕು. ಯಾವ ರೂಮಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಅಂತ ಮೊದಲೇ ಕೇಳಿಕೊಳ್ಳಿ.

ಸೆಂಟರ್ ಒಳಗೆ ಚಿಕ್ಕಮ್ಮ ಅನ್ನಬೇಡಿ, ಎಲ್ಲರ ಹಾಗೆ ಮೇಡಂ ಅನ್ನಿ. ಇಲ್ಲದಿದ್ದರೆ ಸಿಬ್ಬಂದಿ ನಿಮ್ಮನ್ನು ಡಾಕ್ಟರ್ ಮನೆಯ ಮಗು ಅಂತ ಕುರ್ಚಿಯಲ್ಲಿ ಕೂರಿಸಿ ಸುಮ್ಮನಾಗುತ್ತಾರೆ, ಏನೂ ಹೇಳಿಕೊಡುವುದಿಲ್ಲ.

ಬೆಳಿಗ್ಗೆ ಬೇಗ ಹೋಗಿ. ಖಾಲಿ ಹೊಟ್ಟೆಯ ರಕ್ತ ಕೊಡುವವರು ಬರುವುದು ಆಗಲೇ. ನೇರಳೆ ಮುಚ್ಚಳದ ಟ್ಯೂಬ್ ಯಾವುದಕ್ಕೆ, ಬೂದು ಮುಚ್ಚಳದ್ದು ಯಾಕೆ ಶುಗರ್‌ಗೆ, ಕೆಲವು ಟ್ಯೂಬ್‌ಗಳನ್ನು ಸೆಂಟ್ರಿಫ್ಯೂಜ್‌ಗೆ (ಟ್ಯೂಬ್‌ಗಳನ್ನು ಜೋರಾಗಿ ತಿರುಗಿಸುವ ಮಷಿನ್) ಹಾಕುವ ಮೊದಲು ಸುಮಾರು 30 ನಿಮಿಷ ಯಾಕೆ ಹಾಗೇ ಇಡುತ್ತಾರೆ ಅಂತ ಗಮನಿಸಿ. ಸೂಜಿ, ಸ್ಯಾಂಪಲ್ ಮಾತ್ರ ಮುಟ್ಟಬೇಡಿ, ಯಾರಾದರೂ "ಹಿಡ್ಕೊ" ಅಂದರೂ ಕೂಡ.

ಹೆಚ್ಚಿನವರು ಮಷಿನ್ ನೋಡುತ್ತಾ ನಿಂತುಬಿಡುತ್ತಾರೆ. ನೀವು ಡಾಕ್ಟರ್ ಯಾವಾಗ ಮಷಿನ್ನನ್ನು ನಂಬುವುದಿಲ್ಲ ಅನ್ನುವುದನ್ನು ನೋಡಿ. ಉದಾಹರಣೆಗೆ, ಆರಾಮಾಗಿ ನಡೆದುಕೊಂಡು ಬಂದವರ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಸಂಖ್ಯೆಯನ್ನು ಮಷಿನ್ ತುಂಬಾ ಕಡಿಮೆ ತೋರಿಸುತ್ತದೆ ಅಂದುಕೊಳ್ಳಿ. ರಿಪೋರ್ಟ್ ಕೈಗೆ ಸಿಕ್ಕರೆ ಮನೆಯವರೆಲ್ಲ ಹೆದರುತ್ತಾರೆ, ಅಲ್ವಾ? ಡಾಕ್ಟರ್ ಸಹಿ ಹಾಕುವ ಮೊದಲು ಸ್ಲೈಡ್ ಮಾಡಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಕೆಲವರ ರಕ್ತದಲ್ಲಿ, ನೇರಳೆ ಟ್ಯೂಬ್‌ನಲ್ಲಿರುವ ಇಡಿಟಿಎ ಅನ್ನುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕದ ಕಾರಣಕ್ಕೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಮಷಿನ್ ಆ ಗುಂಪನ್ನು ಸರಿಯಾಗಿ ಎಣಿಸುವುದಿಲ್ಲ. ಆಗ ಸಿಟ್ರೇಟ್ ಅನ್ನುವ ಬೇರೆ ದ್ರವ ಇರುವ ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಮತ್ತೆ ರಕ್ತ ತೆಗೆಸಿ, ಆ ದ್ರವ ಬೆರೆತು ರಕ್ತ ತೆಳುವಾಗಿರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸುತ್ತಾರೆ. ಪೊಟ್ಯಾಸಿಯಂ ವಿಪರೀತ ಜಾಸ್ತಿ ಬಂದರೂ ಹೀಗೆಯೇ, ರಕ್ತಕಣ ಒಡೆದು ಸ್ಯಾಂಪಲ್ ಕೆಂಪಾಗಿದೆಯಾ ಅಂತ ಮೊದಲು ನೋಡುತ್ತಾರೆ. ಇಂಥ ಒಂದು ಕೇಸ್ ಕಣ್ಣೆದುರು ನಡೆದರೆ ಆ ದಿನ ಸಾರ್ಥಕ. "ನಿಮಗೆ ಅನುಮಾನ ಬಂದದ್ದು ಯಾಕೆ?" ಅಂತ ಕೇಳಿ. ಆದರೆ ರೋಗಿ ಎದುರಿಗೆ ಬೇಡ, ಅವರು ಹೋದ ಮೇಲೆ.

ಸ್ಕ್ಯಾನಿಂಗ್ ರೂಮಿಗೆ ರೋಗಿ ಒಪ್ಪಿದರೆ ಮಾತ್ರ ಹೋಗಿ. ಆ ಒಪ್ಪಿಗೆಯನ್ನು ಅವರು ಹೊರಗಿರುವಾಗಲೇ ಕೇಳಬೇಕು, ಮೇಜಿನ ಮೇಲೆ ಮಲಗಿದ ಮೇಲೆ ಬೇಡ ಅನ್ನುವುದು ಯಾರಿಗೂ ಕಷ್ಟ. ಎಕ್ಸ್‌ರೇ ತೆಗೆಯುವಾಗ ಹೊರಗೆ ನಿಲ್ಲಿ. ಎಂಆರ್‌ಐ ಇದ್ದರೆ ಸ್ಕ್ಯಾನ್ ನಡೆಯದಿದ್ದರೂ ಅದರ ಅಯಸ್ಕಾಂತ ಸದಾ ಆನ್ ಇರುತ್ತದೆ. ಹೇಳದೆ ಒಳಗೆ ಹೋಗಲೇಬೇಡಿ.

ನೆಂಟರ ಸೆಂಟರ್ ಆದ್ದರಿಂದ ಇನ್ನೊಂದು ತೊಡಕಿದೆ. ಗುರುತಿನವರು ಬರುತ್ತಾರೆ. ಪಕ್ಕದ ಮನೆಯವರೋ ದೂರದ ಸಂಬಂಧಿಯೋ ಬಂದರೆ ಯಾರೂ ಹೇಳುವ ಮೊದಲೇ ನೀವೇ ಎದ್ದು ಹೊರಗೆ ಹೋಗಿ. ನಿಮ್ಮ ನೋಟ್‌ಬುಕ್‌ನಲ್ಲಿ ಯಾರ ಹೆಸರೂ ಇರಬಾರದು, ಫೋನ್ ಬ್ಯಾಗಿನಲ್ಲೇ ಇರಲಿ. ಅಮ್ಮ ಕೇಳಿದರೂ ಯಾರು ಬಂದಿದ್ದರು ಅಂತ ಹೇಳಬೇಡಿ.

ಕಾಲೇಜಿಗೆ ಪತ್ರ ಬೇಕಾದರೆ ನೆಂಟರಿಂದ ಬರೆಸಬೇಡಿ, ಅದಕ್ಕೆ ಅಷ್ಟು ಬೆಲೆ ಸಿಗುವುದಿಲ್ಲ. ಅವರ ಪರಿಚಯದ ಇನ್ನೊಬ್ಬ ಡಾಕ್ಟರ್ ಹತ್ತಿರ ಕೆಲವು ದಿನ ಕಳಿಸಿಕೊಡಿ ಅಂತ ಕೇಳಿ.