ಮರಣದಂಡನೆ ಬಗ್ಗೆ ಇಂಗ್ಲಿಷ್ ಅಸೈನ್‌ಮೆಂಟ್ ಬರೆಯುತ್ತೀರಾ? ಮೊದಲು ತೀರ್ಪನ್ನೇ ತೆರೆದು ಓದಿ

ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ನಿಮಗೆ ಇಷ್ಟವಾದ ವಿಷಯದ ಮೇಲೆ ಸಂಶೋಧನಾ ಪ್ರಬಂಧ ಬರೆದು ತನ್ನಿ’ ಅಂದರೆ ಸಾಕು, ಪ್ರತಿ ಬ್ಯಾಚಿನಲ್ಲೂ ಕೆಲವರು ಮರಣದಂಡನೆಯನ್ನೇ ಆರಿಸಿಕೊಳ್ಳುತ್ತಾರೆ. ಒಳ್ಳೆಯ ವಿಷಯ. ಆದರೆ ಬಂದ ಪ್ರಬಂಧಗಳನ್ನು ಓದಿದಾಗ ಸಂಕಟವಾಗುತ್ತದೆ. ಸಾಗರದಿಂದ, ಹೊಸನಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಮಕ್ಕಳು ರಾತ್ರಿ ನಿದ್ದೆಗೆಟ್ಟು ಬರೆದಿರುತ್ತಾರೆ. ಅಷ್ಟು ಕಷ್ಟಪಟ್ಟರೂ ಒಂದು ತೀರ್ಪನ್ನೂ ಓದಿರುವುದಿಲ್ಲ. ಎಲ್ಲಿ ಎಡವುತ್ತಾರೆ ಅಂತ ವರ್ಷಗಳಿಂದ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

‘ಮರಣದಂಡನೆ ಸರಿಯೋ ತಪ್ಪೋ’ ಅನ್ನುವುದು ಆರು ಪುಟಕ್ಕೆ ಹಿಡಿಸುವ ಪ್ರಶ್ನೆಯಲ್ಲ. ಅದನ್ನು ಹಿಡಿದವರು ಪರ ನಾಲ್ಕು ಅಂಶ, ವಿರೋಧ ನಾಲ್ಕು ಅಂಶ ಬರೆದು ನಿಲ್ಲಿಸುತ್ತಾರೆ. ಬದಲಿಗೆ ಹೀಗೆ ಕೇಳಿ: ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತರೆ ಕೋರ್ಟ್ ಏನು ಮಾಡುತ್ತದೆ? 1967ರಲ್ಲಿ ಕಾನೂನು ಆಯೋಗ (ಕಾನೂನಿನ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿ) ಮರಣದಂಡನೆ ಇರಲಿ ಅಂದಿತ್ತು, 2015ರಲ್ಲಿ ಹೆಚ್ಚಿನ ಅಪರಾಧಗಳಿಗೆ ಬೇಡ ಅಂದಿತು. ನಡುವೆ ಏನು ಬದಲಾಯಿತು? ಒಂದು ಪ್ರಶ್ನೆ, ಎರಡು ಮೂರು ದಾಖಲೆ. ಅಷ್ಟು ಸಾಕು.

ಪರವೋ ವಿರೋಧವೋ ಅಂತ ಮೊದಲೇ ತೀರ್ಮಾನ ಮಾಡಿ ಕೂರಬೇಡಿ. ಆಗ ನಿಮಗೆ ಬೇಕಾದ ಸಾಲುಗಳು ಮಾತ್ರ ಕಣ್ಣಿಗೆ ಬೀಳುತ್ತವೆ.

ಎಲ್ಲಿ ಹುಡುಕಬೇಕು

ಸುಪ್ರೀಂ ಕೋರ್ಟಿನ ತೀರ್ಪುಗಳು ಅದರ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತವೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಇಂಡಿಯನ್ ಕಾನೂನ್ ಎಂಬ ಜಾಲತಾಣದಲ್ಲಿ ಹುಡುಕುವುದು ಇನ್ನೂ ಸುಲಭ. ಕಾನೂನು ಆಯೋಗದ ವರದಿಗಳಿಗೂ ದುಡ್ಡು ಕೊಡಬೇಕಿಲ್ಲ. ಸಂವಿಧಾನ ರಚನಾ ಸಭೆಯ ಚರ್ಚೆಗಳೂ ಹಾಗೆಯೇ. 1949ರ ಜೂನ್ 3ರಂದು ಅಂಬೇಡ್ಕರ್ ಅಲ್ಲಿ, ಮರಣದಂಡನೆಯನ್ನೇ ತೆಗೆದುಹಾಕುವುದಕ್ಕೆ ತಮ್ಮ ಒಲವಿದೆ ಅಂತ ಹೇಳಿದ್ದರು. ಅದನ್ನು ಅವರದೇ ಮಾತಿನಲ್ಲಿ ಓದಬಹುದು.

ನೆಟ್‌ವರ್ಕ್ ಇಲ್ಲದ ಊರಿನವರು ಕಾಲೇಜಿನಲ್ಲಿದ್ದಾಗಲೇ ಪಿಡಿಎಫ್ ಇಳಿಸಿಕೊಂಡು ಹೋಗಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಒಂದು ದಿನ ಬಿಡುವು ಮಾಡಿಕೊಂಡು ಶಂಕರಘಟ್ಟದ ವಿಶ್ವವಿದ್ಯಾಲಯದ ಲೈಬ್ರರಿಗೂ ಹೋಗಿ ಬನ್ನಿ.

ಜೆರಾಕ್ಸ್ ಅಂಗಡಿಯ ರೆಡಿಮೇಡ್ ನೋಟ್ಸ್ ಮಾತ್ರ ಬೇಡವೇ ಬೇಡ. ನನ್ನ ಕೈಗೆ ಬಂದ ಒಂದು ಪ್ರತಿಯಲ್ಲಿ 1980ರ ಬಚನ್ ಸಿಂಗ್ ಪ್ರಕರಣಕ್ಕೆ 1983 ಅಂತ ಇಸವಿ ಹಾಕಿದ್ದರು. ಅದೇ ವರ್ಷ ಏಳು ಅಸೈನ್‌ಮೆಂಟ್‌ಗಳಲ್ಲಿ ಆ ತಪ್ಪು ಹಾಗೇ ಇಳಿದಿತ್ತು. ಮೊಬೈಲಿನಲ್ಲಿ ಪ್ರಶ್ನೆ ಕೇಳಿದರೆ ಪ್ರಬಂಧ ಬರೆದುಕೊಡುವ ಆ್ಯಪ್‌ಗಳ ಬಗ್ಗೆಯೂ ಹುಷಾರು. ಅವು ಇಲ್ಲದ ಪ್ರಕರಣಕ್ಕೂ ಹೆಸರಿಟ್ಟು, ಇಸವಿ ಹಾಕಿ ಕೊಟ್ಟುಬಿಡುತ್ತವೆ. ವಿಕಿಪೀಡಿಯ ನೋಡಿ, ತಪ್ಪಿಲ್ಲ. ಆದರೆ ಅಲ್ಲೇ ನಿಲ್ಲಬೇಡಿ. ಪುಟದ ಕೆಳಗಿನ ಅಡಿಟಿಪ್ಪಣಿಗಳನ್ನು ಹಿಡಿದು ಮೂಲಕ್ಕೆ ಹೋಗಿ.

ತೀರ್ಪು ಓದುವುದು: ಎಲ್ಲರೂ ಎಡವುವ ಜಾಗ

ಇಲ್ಲಿ ಸ್ವಲ್ಪ ನಿಧಾನಿಸೋಣ.

ನಮ್ಮ ದೇಶದ ಮರಣದಂಡನೆ ಬಗ್ಗೆ ಏನೇ ಬರೆದರೂ ‘ಬಚನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ’ ಬರಲೇಬೇಕು. ಐವರು ನ್ಯಾಯಮೂರ್ತಿಗಳ ಪೀಠ. ನಾಲ್ವರು ಮರಣದಂಡನೆ ಸಂವಿಧಾನಕ್ಕೆ ವಿರುದ್ಧವಲ್ಲ ಅಂದರು. ಪಿ.ಎನ್. ಭಗವತಿ ಒಬ್ಬರು ಒಪ್ಪಲಿಲ್ಲ. ಬಹುಮತದ ತೀರ್ಪು 1980ರ ಮೇ 9ರದ್ದು. ಭಗವತಿಯವರು ತಮ್ಮ ಭಿನ್ನ ತೀರ್ಪಿನ ಕಾರಣಗಳನ್ನು ಕೊಟ್ಟಿದ್ದು 1982ರ ಆಗಸ್ಟ್ 16ರಂದು. ಹಾಗಾಗಿ ಹುಡುಕಿದರೆ ಒಂದೇ ಹೆಸರಿನ ಎರಡು ದಾಖಲೆ ಸಿಗುತ್ತವೆ. ಮಕ್ಕಳು ಎಷ್ಟೋ ಸಲ 1982ರದ್ದನ್ನು ತೆರೆಯುತ್ತಾರೆ. ಅದರಲ್ಲಿ ಮನಸ್ಸಿಗೆ ತಟ್ಟುವ ಒಂದು ಸಾಲು ಸಿಗುತ್ತದೆ. ‘ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ’ ಅಂತ ಬರೆದುಬಿಡುತ್ತಾರೆ. ‘ಸರ್, ಅದು ಕೋರ್ಟ್ ಹೇಳಿದ್ದೇ ಅಲ್ವಾ?’ ಅಂತ ಕೇಳುತ್ತಾರೆ. ಅಲ್ಲ. ಅದು ಪೀಠದಲ್ಲಿದ್ದ ಒಬ್ಬರ ಮಾತು. ಅದನ್ನು ಖಂಡಿತ ಬಳಸಿ, ಆದರೆ ‘ಭಿನ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ’ ಅಂತಲೇ ಬರೆಯಿರಿ.

ತೀರ್ಪಿನ ಹೆಸರಿನ ಮುಂದೆ ‘ಎಐಆರ್ 1980 ಎಸ್‌ಸಿ 898’ ಅಂತ ಇರುತ್ತದೆ. ಹೆದರಬೇಡಿ. ಆಲ್ ಇಂಡಿಯಾ ರಿಪೋರ್ಟರ್ ಎಂಬ ವರದಿ, 1980ರ ಸಂಪುಟ, ಸುಪ್ರೀಂ ಕೋರ್ಟ್ ಭಾಗ, 898ನೇ ಪುಟ. ಅಷ್ಟೇ ಅದರ ಅರ್ಥ. ಅದೇ ತೀರ್ಪು ಸುಪ್ರೀಂ ಕೋರ್ಟ್ ಕೇಸಸ್ ಎಂಬ ಬೇರೆ ವರದಿಯಲ್ಲಿ ‘(1980) 2 ಎಸ್‌ಸಿಸಿ 684’ ಅಂತ ಇರುತ್ತದೆ. ಎರಡೂ ಬೇರೆ ಬೇರೆ ಪ್ರಕರಣ ಅಂದುಕೊಂಡು ಬರೆದವರೂ ಇದ್ದಾರೆ. ಒಂದನ್ನು ಆರಿಸಿಕೊಂಡು ಕೊನೆತನಕ ಅದನ್ನೇ ಬಳಸಿ. ಪ್ಯಾರಾ ಸಂಖ್ಯೆ ಒಂದು ವರದಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಆರಂಭದಲ್ಲಿ ಹೆಡ್‌ನೋಟ್ ಅನ್ನುವ ಸಾರಾಂಶ ಇರುತ್ತದೆ. ಅದನ್ನು ಬರೆದವರು ವರದಿಯ ಸಂಪಾದಕರು, ನ್ಯಾಯಮೂರ್ತಿಗಳಲ್ಲ. ದಾರಿ ತಿಳಿಯಲು ಅದನ್ನು ಓದಿ, ಉದ್ಧರಿಸಬೇಡಿ. ಆಮೇಲೆ ತೀರ್ಪಿನ ಮೊದಲ ಕೆಲವು ಪುಟ ಓದಿ, ನೇರವಾಗಿ ಬಹುಮತದ ತೀರ್ಪಿನ ಕೊನೆಗೆ ಹಾರಿ. ಕೋರ್ಟ್ ಏನು ತೀರ್ಮಾನಿಸಿತು ಅಂತ ಗೊತ್ತಾದ ಮೇಲೆ ನಡುವಿನ ಭಾಗಕ್ಕೆ ವಾಪಸ್ ಬನ್ನಿ. ಕಥೆ ಪುಸ್ತಕದ ಹಾಗೆ ಒಂದನೇ ಪುಟದಿಂದ ಹೊರಟವರು ಹತ್ತನೇ ಪುಟಕ್ಕೆ ಕೈಬಿಡುತ್ತಾರೆ.

ಈಗ ಮುಖ್ಯವಾದ ಮಾತು. ‘ಅಪರೂಪದಲ್ಲಿ ಅಪರೂಪದ ಪ್ರಕರಣ’ ಅನ್ನುವುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಬಂದಿದ್ದು ಇದೇ ತೀರ್ಪಿನಿಂದ. ನಮ್ಮ ಮಕ್ಕಳು ಅದಕ್ಕೆ ‘ತುಂಬ ಕ್ರೂರವಾದ ಕೊಲೆ’ ಅಂತ ಅರ್ಥ ಕೊಡುತ್ತಾರೆ. ತೀರ್ಪಿನ ಆ ಸಾಲನ್ನು ಪೂರ್ತಿ ಓದಿ. ಮನುಷ್ಯ ಜೀವದ ಘನತೆಯ ಬಗ್ಗೆ ನಿಜವಾದ ಕಾಳಜಿ ಇದ್ದರೆ ಕಾನೂನಿನ ಕೈಯಿಂದ ಜೀವ ತೆಗೆಯುವುದಕ್ಕೆ ಹಿಂಜರಿಯಬೇಕು, ಅಪರೂಪದಲ್ಲಿ ಅಪರೂಪದ ಪ್ರಕರಣದಲ್ಲಿ ಬೇರೆ ಶಿಕ್ಷೆಯ ದಾರಿ ಪ್ರಶ್ನೆಯೇ ಇಲ್ಲದಂತೆ ಮುಚ್ಚಿಹೋಗಿದ್ದರೆ ಮಾತ್ರ ಆ ಕೆಲಸ ಆಗಬೇಕು ಅನ್ನುವುದು ಅದರ ಒಟ್ಟು ಅರ್ಥ. ಈ ಕೊನೆಯ ಅರ್ಧವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ತೀರ್ಪಿನ ಜೀವವೇ ಹೋಗುತ್ತದೆ. ಅಪರಾಧವನ್ನು ಮಾತ್ರ ನೋಡಿದರೆ ಸಾಲದು, ಅಪರಾಧಿಯನ್ನೂ ನೋಡಬೇಕು ಅಂತ ಆ ತೀರ್ಪು ಹೇಳುತ್ತದೆ. ಅವನ ವಯಸ್ಸೇನು, ತಿದ್ದಿಕೊಳ್ಳುವ ಸಾಧ್ಯತೆ ಇದೆಯೇ? ಸಾಧ್ಯತೆ ಇಲ್ಲ ಅನ್ನುವುದಾದರೆ ಅದನ್ನು ಸಾಕ್ಷ್ಯ ಕೊಟ್ಟು ತೋರಿಸಬೇಕಾದದ್ದು ಸರ್ಕಾರ.

ಈ ಒಂದು ಸಾಲನ್ನು ಪೂರ್ತಿಯಾಗಿ, ಸರಿಯಾಗಿ ಬರೆದ ಪ್ರಬಂಧ ನನಗೆ ಬಹಳ ದೊಡ್ಡದು. ಅದರ ಮುಂದೆ ಹತ್ತು ಪ್ರಕರಣಗಳ ಪಟ್ಟಿ ಏನೂ ಅಲ್ಲ. ಒಬ್ಬ ಮನುಷ್ಯನ ಕೊರಳಿಗೆ ಹಗ್ಗ ಬೀಳಬೇಕೋ ಬೇಡವೋ ಅನ್ನುವುದು ಈ ಸಾಲಿನ ಮೇಲೆ ನಿಂತಿದೆ. ಅದನ್ನು ಅರ್ಧಕ್ಕೆ ಕತ್ತರಿಸುವ ಹಕ್ಕು ನಮಗಿಲ್ಲ.

ಎರಡನೇ ತೀರ್ಪು ಯಾವುದು ಅಂತ ಕೇಳಿದರೆ ನಾನು ಹೇಳುವುದು ‘ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ’. ಬೆಂಗಳೂರಿನ ಕೊಲೆ ಪ್ರಕರಣ. ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ವಿಷಯದಲ್ಲಿ ಬೇರೆ ಬೇರೆಯಾದರು. ಒಬ್ಬರು ಗಲ್ಲು ಅಂದರು, ಇನ್ನೊಬ್ಬರು ಜೀವಾವಧಿ ಅಂದರು. 2008ರಲ್ಲಿ ಮೂವರ ಪೀಠ ಬದುಕಿರುವ ತನಕ ಬಿಡುಗಡೆ ಇಲ್ಲದ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ಸಾಕ್ಷ್ಯ, ಅದೇ ಅಪರಾಧ ನೋಡಿ ಇಬ್ಬರು ಅನುಭವಿ ನ್ಯಾಯಮೂರ್ತಿಗಳಿಗೆ ಎರಡು ದಾರಿ ಕಂಡಿತಲ್ಲ, ಯಾಕೆ? ಈ ಒಂದು ಪ್ರಶ್ನೆಯ ಮೇಲೆ ಇಡೀ ಪ್ರಬಂಧ ಕಟ್ಟಬಹುದು.

ಅಂಕಿಅಂಶ ಹಾಕುವ ಮುಂಚೆ

ಮೂರು ಲೆಕ್ಕಗಳನ್ನು ಕಲಸಬೇಡಿ. ಒಂದು ವರ್ಷದಲ್ಲಿ ಸೆಷನ್ಸ್ ಕೋರ್ಟುಗಳು ಎಷ್ಟು ಜನರಿಗೆ ಗಲ್ಲು ವಿಧಿಸಿದವು ಅನ್ನುವುದು ಒಂದು. ವರ್ಷದ ಕೊನೆಗೆ ಆ ಶಿಕ್ಷೆ ಹೊತ್ತು ಜೈಲಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಇನ್ನೊಂದು. ನಿಜವಾಗಿ ಎಷ್ಟು ಜನರನ್ನು ಗಲ್ಲಿಗೇರಿಸಿದರು ಅನ್ನುವುದು ಮೂರನೆಯದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ 39ಎ’ ತಂಡದ ಲೆಕ್ಕದಂತೆ 2022ರಲ್ಲಿ ಕೆಳ ಕೋರ್ಟುಗಳು 165 ಜನರಿಗೆ ಮರಣದಂಡನೆ ಕೊಟ್ಟವು. ಆ ವರ್ಷ ಗಲ್ಲಿಗೇರಿದವರು ಒಬ್ಬರೂ ಇಲ್ಲ. ಸೆಷನ್ಸ್ ಕೋರ್ಟ್ ವಿಧಿಸಿದ ಮರಣದಂಡನೆಯನ್ನು ಹೈಕೋರ್ಟ್ ದೃಢಪಡಿಸಲೇಬೇಕು. ಅಲ್ಲಿಯತನಕ ಅದು ಜಾರಿಯಾಗುವುದಿಲ್ಲ.

ಆ 165ರ ಒಳಗೂ ಇಣುಕಿ ನೋಡಿ. ಅದರಲ್ಲಿ 38 ಜನರಿಗೆ ಶಿಕ್ಷೆಯಾಗಿದ್ದು ಒಂದೇ ಪ್ರಕರಣದಲ್ಲಿ, ಅಹಮದಾಬಾದಿನ 2008ರ ಸರಣಿ ಬಾಂಬ್ ಸ್ಫೋಟದ ಪ್ರಕರಣದಲ್ಲಿ. ಇದನ್ನು ಹೇಳದೆ ‘ಮರಣದಂಡನೆ ಜಾಸ್ತಿಯಾಗಿದೆ’ ಅಂತ ಬರೆದರೆ ಓದುವವರಿಗೆ ಅರ್ಧ ಸತ್ಯ ಕೊಟ್ಟಂತೆ.

‘ಗಲ್ಲು ಇದ್ದರೆ ಭಯದಿಂದ ಕೊಲೆ ಕಡಿಮೆಯಾಗುತ್ತದೆ’ ಅನ್ನುವ ವಾದ ಬಹಳ ಸಲ ಬರುತ್ತದೆ. 1975ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಐಸಾಕ್ ಎರ್ಲಿಕ್ ಒಂದು ಗಲ್ಲು ಏಳೆಂಟು ಕೊಲೆ ತಪ್ಪಿಸಬಹುದು ಅಂತ ಲೆಕ್ಕ ಹಾಕಿದ್ದರು. 2012ರಲ್ಲಿ ಅಲ್ಲಿನದೇ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಂಥ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಕೊಲೆ ಕಡಿಮೆಯಾಗುತ್ತದೆ, ಹೆಚ್ಚುತ್ತದೆ, ವ್ಯತ್ಯಾಸವಾಗುವುದಿಲ್ಲ ಅಂತ ಯಾವುದನ್ನೂ ಇವುಗಳಿಂದ ಹೇಳಲಾಗದು ಅಂದಿತು. ಮೊದಲನೆಯದನ್ನು ಮಾತ್ರ ಹಾಕುವುದು ಬೇಡ. ಎರಡನೆಯದನ್ನು ‘ಕಡಿಮೆಯಾಗುವುದಿಲ್ಲ ಅಂತ ಸಾಬೀತಾಗಿದೆ’ ಅಂತ ತಿರುಚುವುದೂ ಬೇಡ.

ಕಾನೂನು ಆಯೋಗದ 2015ರ ವರದಿಯ ವಿಷಯದಲ್ಲೂ ಇದೇ ಆಗುತ್ತದೆ. ಅದು 262ನೇ ವರದಿ. ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಸಾರುವ ಅಪರಾಧಗಳನ್ನು ಬಿಟ್ಟು ಉಳಿದದ್ದಕ್ಕೆ ಮರಣದಂಡನೆ ಬೇಡ ಅಂತ ಅದು ಹೇಳಿತು. ಮೂವರು ಸದಸ್ಯರು ಒಪ್ಪಲಿಲ್ಲ. ‘ಬಿಟ್ಟು’ ಅನ್ನುವ ಭಾಗವನ್ನೂ ಆ ಮೂವರನ್ನೂ ಸೇರಿಸಿಯೇ ಬರೆಯಿರಿ.

ಉದ್ಧರಣೆ

‘ಕಣ್ಣಿಗೆ ಕಣ್ಣು ಅಂತ ಹೊರಟರೆ ಜಗತ್ತೇ ಕುರುಡಾಗುತ್ತದೆ: ಗಾಂಧೀಜಿ.’ ನನಗೆ ಬರುವ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ಗಾಂಧೀಜಿ ಹೀಗೆ ಹೇಳಿದ್ದಕ್ಕೆ ಗಟ್ಟಿಯಾದ ದಾಖಲೆ ಸಿಕ್ಕಿಲ್ಲ. ಬಿಟ್ಟುಬಿಡಿ. ಯಾವ ಉದ್ಧರಣೆಯೇ ಇರಲಿ, ಎಲ್ಲಿ, ಯಾವಾಗ, ಎಷ್ಟನೇ ಪುಟ ಅಂತ ಹೇಳಲಾಗದಿದ್ದರೆ ಹಾಕಬೇಡಿ.

ಟಿಪ್ಪಣಿ ಕೈಯಲ್ಲೇ ಬರೆಯಿರಿ, ಇದು ನನ್ನ ಗಟ್ಟಿ ಸಲಹೆ. 200 ಪುಟದ ಒಂದು ನೋಟ್‌ಬುಕ್ ಸಾಕು. ಎಡಗಡೆ ಪುಟದಲ್ಲಿ ತೀರ್ಪಿನ ಮಾತು, ಪ್ಯಾರಾ ಸಂಖ್ಯೆ. ಬಲಗಡೆ ಪುಟದಲ್ಲಿ ನಿಮ್ಮ ಮಾತು. ಕಾಪಿ ಪೇಸ್ಟ್ ಮಾಡಿಟ್ಟರೆ ವಾರದ ಮೇಲೆ ಯಾವುದು ನಿಮ್ಮದು, ಯಾವುದು ಕೋರ್ಟಿನದು ಅಂತ ನಿಮಗೇ ತಿಳಿಯುವುದಿಲ್ಲ.

ಒಂದು ಬೆಳಗ್ಗೆ ಕೋರ್ಟಿನಲ್ಲಿ

ಇದು ಕಡ್ಡಾಯವಲ್ಲ. ಆದರೂ ಹೋಗಿ. ಸಾಮಾನ್ಯವಾಗಿ ಕೋರ್ಟ್ ಕಲಾಪ ತೆರೆದದ್ದು, ಯಾರು ಬೇಕಾದರೂ ಹಿಂದೆ ಸುಮ್ನೆ ಕೂತು ನೋಡಬಹುದು. ಮೊಬೈಲ್ ಆಫ್ ಮಾಡಿ, ಫೋಟೊ ತೆಗೆಯಬೇಡಿ. ನಮ್ಮ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟಿಗೂ ಮರಣದಂಡನೆ ವಿಧಿಸುವ ಅಧಿಕಾರ ಇದೆ. ಕಟಕಟೆಯಲ್ಲಿ ನಿಂತವನನ್ನೂ ಸಾಕ್ಷಿ ಹೇಳಲು ಬಂದ ಹಳ್ಳಿಯವರನ್ನೂ ಒಮ್ಮೆ ನೋಡಿ ಬಂದವರ ಭಾಷೆ ಬದಲಾಗುವುದನ್ನು ನಾನು ಕಂಡಿದ್ದೇನೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಹೋಗಿ ಬಂದ ಮೇಲೆ ತನ್ನ ಕರಡಿನಲ್ಲಿದ್ದ ‘ರಾಕ್ಷಸ’ ಅನ್ನುವ ಪದವನ್ನೆಲ್ಲ ಹೊಡೆದು ‘ಅಪರಾಧಿ’ ಅಂತ ಬರೆದಳು. ನಾನು ಹೇಳಿರಲಿಲ್ಲ.

ಇಂಗ್ಲಿಷ್ ತಪ್ಪುಗಳು

ತೀರ್ಪು ಬರುವ ತನಕ ‘ಅಕ್ಯೂಸ್ಡ್’, ತಪ್ಪಿತಸ್ಥ ಅಂತಾದ ಮೇಲೆ ‘ಕನ್ವಿಕ್ಟ್’. ‘ಕಮ್ಯೂಟ್’ ಅಂದರೆ ಇಲ್ಲಿ ಪ್ರಯಾಣ ಅಲ್ಲ, ಶಿಕ್ಷೆಯನ್ನು ಇಳಿಸುವುದು. ಅನುವಾದದ ಆ್ಯಪ್ ನಂಬಿದರೆ ಕೆಡುತ್ತೀರಿ. ‘ಪಾರ್ಡನ್’ ಅದಕ್ಕಿಂತ ಬೇರೆ, ಅದು ಪೂರ್ತಿ ಕ್ಷಮೆ. ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೂ 161ನೇ ವಿಧಿ ರಾಜ್ಯಪಾಲರಿಗೂ ಇವೆರಡರ ಅಧಿಕಾರ ಕೊಟ್ಟಿವೆ. ಗೋಡೆಯ ಮೇಲಿನ ಚಿತ್ರಕ್ಕೆ ‘ಹಂಗ್’, ಗಲ್ಲಿಗೇರಿಸಿದ ಮನುಷ್ಯನಿಗೆ ‘ಹ್ಯಾಂಗ್ಡ್’. ಕೊಲೆಗೆ ಹಳೆಯ ದಂಡ ಸಂಹಿತೆಯಲ್ಲಿ 302ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 103 ಬಂದಿದೆ. ಹಳೆಯ ತೀರ್ಪಿನ ಬಗ್ಗೆ ಬರೆಯುವಾಗ ಹಳೆಯ ಸಂಖ್ಯೆಯನ್ನೇ ಇಡಿ.

ಬರೆದು ಮುಗಿದ ಮೇಲೆ ಪೆನ್ಸಿಲ್ ಹಿಡಿದು ಒಂದೊಂದು ವಾಕ್ಯದ ಮುಂದೂ ನಿಲ್ಲಿ. ಇದು ಎಲ್ಲಿಂದ ಬಂತು? ನೋಟ್‌ಬುಕ್ಕಿನಲ್ಲಿ ಉತ್ತರ ಸಿಗದಿದ್ದರೆ ಆ ವಾಕ್ಯ ಹೊಡೆಯಿರಿ. ಆರು ಪುಟ ನಾಲ್ಕಾದರೂ ಪರವಾಗಿಲ್ಲ, ನಾನು ಅಂಕ ಕಳೆಯುವುದಿಲ್ಲ. ಸ್ಪೈರಲ್ ಬೈಂಡಿಂಗ್‌ಗೆ ದುಡ್ಡು ಹಾಕಬೇಡಿ, ಮೂಲೆಗೊಂದು ಪಿನ್ ಸಾಕು. ಮಳೆಯಲ್ಲಿ ಬರುವವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತನ್ನಿ. ಜೊತೆಗೆ ಆ ನೋಟ್‌ಬುಕ್ಕನ್ನೂ ತನ್ನಿ, ನಾನು ಮೊದಲು ನೋಡುವುದು ಅದನ್ನೇ.