ಉಡುಪಿಯಿಂದ ಪಿಟ್ಸ್‌ಬರ್ಗಿಗೆ ಹೋದ ನನ್ನ ಓಟು

ಉಡುಪಿಯಲ್ಲಿ ಕೂತು ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಓಟು ಹಾಕುವುದು ಅಂಥ ಕಷ್ಟದ ಕೆಲಸವೇನಲ್ಲ. ನನ್ನ ಕೈ ತಡೆದದ್ದು ಅರ್ಜಿಯ ಒಂದೇ ಒಂದು ಪ್ರಶ್ನೆಗೆ: ನೀವು ವಾಪಸ್ ಬರುವವರಾ?

ಪಿಟ್ಸ್‌ಬರ್ಗಿನಲ್ಲಿ ನರ್ಸ್ ಆಗಿ ಬಹಳ ವರ್ಷ ದುಡಿದವಳು ನಾನು. ಪೌರತ್ವವೂ ಅಲ್ಲಿಯದೇ. ನಿವೃತ್ತಿ ಆದ ಮೇಲೆ ಊರಿಗೆ ಬಂದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಕೈಯಲ್ಲಿರುವುದು ಓಸಿಐ ಕಾರ್ಡು, ಅಂದರೆ ಹೊರದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಕಾರ್ಡು. ಇಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು, ಓಟು ಮಾತ್ರ ಇಲ್ಲ. 2024ರ ಏಪ್ರಿಲ್ 26ರಂದು ಇಲ್ಲಿ ಲೋಕಸಭೆಗೆ ಮತದಾನ ಇತ್ತಲ್ಲ, ಅವತ್ತು ಅಕ್ಕನನ್ನು ರಿಕ್ಷಾದಲ್ಲಿ ಬೂತಿಗೆ ಕರೆದುಕೊಂಡು ಹೋಗಿ ನಾನು ಗೇಟಿನ ಹೊರಗೆ ನಿಂತಿದ್ದೆ. ಅಕ್ಕ ಶಾಯಿ ಹಚ್ಚಿದ ಬೆರಳು ತೋರಿಸಿ, "ನಿಂದು ಎಲ್ಲಿ ಉಂಟು?" ಅಂತ ತಮಾಷೆ ಮಾಡಿದಳು. ನಂದು ನವೆಂಬರ್ 5ಕ್ಕೆ ಅಂದೆ.

ಹೊರದೇಶದಲ್ಲಿರುವ ಅಮೆರಿಕದ ಪ್ರಜೆಗಳಿಗೆ 'ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಶನ್' ಎಂಬ ಅರ್ಜಿ ಇದೆ. ಹೆಸರು ಮಾತ್ರ ಪೋಸ್ಟ್ ಕಾರ್ಡು, ನಾನು ಕಳಿಸಿದ್ದು ಇಮೇಲಿನಲ್ಲಿ. ಅಲ್ಲಿ ಕೊನೆಗೆ ವಾಸವಿದ್ದ ಮನೆಯ ವಿಳಾಸವೇ ಓಟಿನ ವಿಳಾಸ. ಮನೆ ಮಾರಿ ಆಗಿದ್ದರೂ ಅಷ್ಟೇ. ನನ್ನದು ಪೆನ್ಸಿಲ್ವೇನಿಯ ರಾಜ್ಯ, ಅಲೆಘೆನಿ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ.

ಆ ಅರ್ಜಿಯಲ್ಲೇ ಬರುತ್ತದೆ ಈ ಪ್ರಶ್ನೆ. ವಾಪಸ್ ಬರುವ ಉದ್ದೇಶ ಇದೆ ಅನ್ನುವವರಿಗೆ ಒಂದು ಚೌಕ, ಖಚಿತ ಇಲ್ಲ ಅನ್ನುವವರಿಗೆ ಇನ್ನೊಂದು. ಮಗಳು ಅಲ್ಲಿದ್ದಾಳೆ. ಅಕ್ಕ ಇಲ್ಲಿದ್ದಾಳೆ. ಮಗಳು ಫೋನಿನಲ್ಲಿ ಕೇಳಿದಾಗೆಲ್ಲ "ನೋಡುವ" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಸರ್ಕಾರಿ ಅರ್ಜಿಯಲ್ಲಿ "ನೋಡುವ" ಅಂತ ಬರೆಯಲು ಆಗುವುದಿಲ್ಲವಲ್ಲ! ಅರ್ಜಿ ತೆರೆದಿಟ್ಟು ಎದ್ದು ಹೋಗಿ ಚಾ ಮಾಡಿಕೊಂಡು ಬಂದೆ. ಕೊನೆಗೆ ಖಚಿತ ಇಲ್ಲ ಅನ್ನುವುದಕ್ಕೆ ಗುರುತು ಹಾಕಿದೆ.

ಅದಕ್ಕೆ ತಕ್ಕ ಹಾಗೆ ಬಂದದ್ದು ಫೆಡರಲ್, ಅಂದರೆ ಕೇಂದ್ರದ ಹುದ್ದೆಗಳ ಮತಪತ್ರ ಮಾತ್ರ. ಅಧ್ಯಕ್ಷ, ಸೆನೆಟರ್, ಕಾಂಗ್ರೆಸ್ ಪ್ರತಿನಿಧಿ, ಅಷ್ಟೇ. ಆ ವರ್ಷ ಪೆನ್ಸಿಲ್ವೇನಿಯದವರು ತಮ್ಮ ರಾಜ್ಯದ ಅಟಾರ್ನಿ ಜನರಲ್ ಮತ್ತು ಖಜಾಂಚಿಯನ್ನೂ ಆರಿಸಿದರು. ನನ್ನ ಹಾಳೆಯಲ್ಲಿ ಅವು ಇರಲಿಲ್ಲ. ನನಗಿದು ನ್ಯಾಯವೇ ಅನ್ನಿಸಿತು. ಊರು ಬಿಟ್ಟು ಬಂದವಳು ಅವರ ಖಜಾನೆಯ ಕೀಲಿ ಯಾರ ಕೈಗೆ ಅಂತ ಯಾಕೆ ಹೇಳಬೇಕು?

ಮತಪತ್ರ ಇಮೇಲಿನಲ್ಲಿ ಬಂತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಅಂಗಡಿಯ ಹುಡುಗ ಹಾಳೆ ಕೈಗೆ ಬಂದದ್ದೇ, "ಆಂಟಿ, ಇದು ನಿಜದ್ದಾ? ಟ್ರಂಪ್ ಹೆಸರು ಉಂಟಲ್ಲ!" ಅಂದ. ಟ್ರಂಪ್-ವಾನ್ಸ್, ಹ್ಯಾರಿಸ್-ವಾಲ್ಜ್ ಜೋಡಿಯ ಜೊತೆಗೆ ಗ್ರೀನ್ ಪಾರ್ಟಿ, ಲಿಬರ್ಟೇರಿಯನ್ ಪಾರ್ಟಿಯವರೂ ಇದ್ದರು. ಅವರ ಹೆಸರು ಅವನು ಕೇಳಿರಲೇ ಇಲ್ಲ. ಮನೆಗೆ ಬಂದು ಕಪ್ಪು ಪೆನ್ನಿನಲ್ಲಿ ಗುರುತು ಮಾಡಿ, ಮಡಚಿ ಒಂದು ಲಕೋಟೆಗೆ ಹಾಕಿ, ಅದನ್ನು ಇನ್ನೊಂದರೊಳಗೆ ಇಟ್ಟು, ಘೋಷಣೆಗೆ ಸಹಿ, ತಾರೀಕು ಹಾಕಿದೆ.

ಕೆಲವು ರಾಜ್ಯಗಳು ತುಂಬಿದ ಮತಪತ್ರವನ್ನೂ ಇಮೇಲಿನಲ್ಲಿ ತೆಗೆದುಕೊಳ್ಳುತ್ತವೆ. ಪೆನ್ಸಿಲ್ವೇನಿಯ ತೆಗೆದುಕೊಳ್ಳುವುದಿಲ್ಲ. ಅಂಚೆಯಲ್ಲೇ ಹೋಗಬೇಕು, ನವೆಂಬರ್ 12ರ ಸಂಜೆ 5ರೊಳಗೆ ಕೌಂಟಿ ಕಚೇರಿ ಮುಟ್ಟಬೇಕು. ಚೆನ್ನೈ ಕಾನ್ಸುಲೇಟಿನ ಮೂಲಕ ಕಳಿಸುವ ದಾರಿಯೂ ಇತ್ತು. ಆದರೆ ಚೆನ್ನೈಗೂ ಪೋಸ್ಟೇ ಮಾಡಬೇಕಲ್ವಾ, ನೇರ ಸ್ಪೀಡ್ ಪೋಸ್ಟ್ ಮಾಡಿದೆ. ಕೌಂಟರಿನವರು "ಎಂತ ಉಂಟು ಮೇಡಂ ಇದರಲ್ಲಿ?" ಅಂತ ಕೇಳಿದರು. ಓಟು ಅಂದೆ. ಒಮ್ಮೆ ನನ್ನ ಮುಖ ನೋಡಿ, 'ಡಾಕ್ಯುಮೆಂಟ್' ಅಂತ ಟೈಪ್ ಮಾಡಿಕೊಂಡರು.

ಫಲಿತಾಂಶ ನಮಗೆ ನವೆಂಬರ್ 6ರ ಹಗಲಿನಲ್ಲಿ. ಊಟದ ಹೊತ್ತಿಗೆ ಪೆನ್ಸಿಲ್ವೇನಿಯ ಟ್ರಂಪ್ ಪಾಲಾಯಿತು, ಅದರ 19 ಎಲೆಕ್ಟೋರಲ್ ಮತಗಳ ಸಮೇತ. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿದ ಈ ಎಲೆಕ್ಟೋರಲ್ ಮತಗಳು. ಗೆಲ್ಲಲು ಒಟ್ಟು 538ರಲ್ಲಿ 270 ಬೇಕಿತ್ತು, ಅವರಿಗೆ ಬಂದದ್ದು 312. ನಾನು ಹಾಕಿದ್ದು ಕಮಲಾ ಹ್ಯಾರಿಸ್‌ಗೆ. ಪಕ್ಕದ ಮನೆಯವರು "ನಮ್ಮ ಕಡೆಯವಳು ಅಂತ ಹಾಕಿದ್ದಾ?" ಅಂದರು. ಅಲ್ಲ. 2020ರ ಸೋಲನ್ನು ಒಪ್ಪಿಕೊಳ್ಳದವರಿಗೆ ಮತ್ತೆ ಅಧಿಕಾರ ಕೊಡಲು ನನಗೆ ಮನಸ್ಸಿರಲಿಲ್ಲ. ಅಲ್ಲಿ ನನ್ನ ಜೊತೆ ನೈಟ್ ಡ್ಯೂಟಿ ಮಾಡುತ್ತಿದ್ದ ಗೆಳತಿ ಹಾಕಿದ್ದು ಟ್ರಂಪ್‌ಗೆ. "ನೀನು ಅಲ್ಲಿ ಮೀನು ಸಾರು ಉಣ್ಣುತ್ತಿದ್ದೀಯ, ಇಲ್ಲಿ ಸಾಮಾನಿಗೆ ಎಷ್ಟು ಕೊಡುತ್ತಿದ್ದೇವೆ ಅಂತ ನೋಡು" ಅಂದಳು. ಅವಳ ಮಾತು ಚುಚ್ಚಿತು. ಸುಳ್ಳೇನಲ್ಲವಲ್ಲ. ಆ ಬೆಲೆ ನಾನು ಪೇಪರಿನಲ್ಲಿ ಓದುವುದು, ಅವಳು ಬಿಲ್ಲಿನಲ್ಲಿ ನೋಡುವುದು.

ಟಿವಿಯವರು ಅಧ್ಯಕ್ಷರದ್ದು ಮುಗಿಸಿ ಎದ್ದರು, ನಾನು ಪೆನ್ಸಿಲ್ವೇನಿಯದ ಸೆನೆಟ್ ಸೀಟು ನೋಡುತ್ತಾ ಕೂತೆ. ಸೆನೆಟ್ ಅಂದರೆ ಅಲ್ಲಿಯ ಸಂಸತ್ತಿನ ಮೇಲ್ಮನೆ. ಹ್ಯಾರಿಸ್ ಪಕ್ಷದ ಬಾಬ್ ಕೇಸಿ ಮತ್ತು ಟ್ರಂಪ್ ಪಕ್ಷದ ಡೇವ್ ಮೆಕ್‌ಕಾರ್ಮಿಕ್ ನಡುವೆ ಅಂತರ ಅರ್ಧ ಪರ್ಸೆಂಟಿಗಿಂತ ಕಡಿಮೆ. ಅಷ್ಟಾದರೆ ಅಲ್ಲಿ ಮರುಎಣಿಕೆ ತಾನಾಗಿಯೇ ಶುರುವಾಗುತ್ತದೆ. ನವೆಂಬರ್ 21ರಂದು ಕೇಸಿ ಸೋಲು ಒಪ್ಪಿಕೊಂಡರು. ಸುಮಾರು 70 ಲಕ್ಷ ಓಟಿನಲ್ಲಿ ಅಂತರ 15 ಸಾವಿರದ ಆಸುಪಾಸು. ಹೊರದೇಶದಿಂದ ಬಂದ ಲಕೋಟೆಗಳಿಗೆ ಬೆಲೆ ಇರುವುದು ಇಂಥಲ್ಲಿ. ಇಲ್ಲಿ ಯಾರೂ ಆ ಇಬ್ಬರ ಹೆಸರನ್ನೇ ಕೇಳಿರಲಿಲ್ಲ.

ಅಕ್ಕನ ಮಗ ಈಗಲೂ ವಾದ ಮಾಡುತ್ತಾನೆ, "ಚಿಕ್ಕಮ್ಮ, ಇಲ್ಲಿದ್ದುಕೊಂಡು ಅವರಿಗೆ ಯಾಕೆ ಓಟು?" ಅಂತ. ಅಮೆರಿಕದ ಪ್ರಜೆ ಎಲ್ಲಿದ್ದರೂ ಅಲ್ಲಿಗೆ ಆದಾಯದ ಲೆಕ್ಕ ಕೊಡಬೇಕು, ನಾನೂ ವರ್ಷ ವರ್ಷ ಕೊಡುತ್ತೇನೆ. ಅದನ್ನು ಹೇಳಿದರೆ ಸ್ವಲ್ಪ ತಣ್ಣಗಾಗುತ್ತಾನೆ. ಗೆಳತಿಗೆ ಮಾತ್ರ ಆ ಉತ್ತರ ಸಾಲಲಿಲ್ಲ.